ಸದ್ದಿಗೆ ಬೆದರದ ಜಿಂಕೆಗಳು

ಯುದ್ಧದ ಕಾಲ. ತಿಪ್ಪಸಂದ್ರದ ಆಚೆ ನಮ್ಮದೊಂದು ರಾಗಿ ಹೊಲ. ಪಕ್ಕದಲ್ಲೇ ಸಿಪಾಯಿಗಳು ಗುಂಡು ಹೊಡೆಯಲು ಕಲಿಯುವ ಬಯಲು. ಮೊದಲ ವರ್ಷ ಬಂದೂಕಿನ ಸದ್ದಿಗೆ ಜಿಂಕೆಗಳು ಹೊಸಕೋಟೆ ಕಡೆಗೆ ಓಡಿಹೋದವು. ಮರುವರ್ಷ ವಾಪಸು ಬಂದವು. ಆ ಬಯಲಿಗೆ ನಾಯಿಯೂ ಬರುತ್ತಿರಲಿಲ್ಲ, ಬೇಟೆಯವರೂ ಬರುವ ಹಾಗಿರಲಿಲ್ಲ. ಜಿಂಕೆಗಳು ಹಗಲೆಲ್ಲ ಗುಂಡಿನ ಸದ್ದಿನಲ್ಲೇ ಅದರಂಚಿಗೆ ಮಲಗಿದ್ದು, ಸಂಜೆಗೆ ನಮ್ಮ ಹೊಲಕ್ಕೆ ಇಳಿಯುತ್ತಿದ್ದವು.

ಗಂಡಂದಿರಿಬ್ಬರೂ ದೂರದಲ್ಲಿ ಮಿಲಿಟರಿ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಓರಗಿತ್ತಿ ಪಿಳ್ಳಮ್ಮಕ್ಕ, ಅತ್ತೆ, ಮಕ್ಕಳು. ರೇಷನ್ನು ಅರ್ಧ ತಿಂಗಳಿಗೂ ಸಾಲದು. ಆ ಹೊಲ ಉಳಿದರೆ ವರ್ಷವಿಡೀ ಮುದ್ದೆ, ಹೋದರೆ ಉಪವಾಸ.

ತಗಡು ಬಡಿದೆವು, ಕೂಗಿದೆವು. ಅವು ಕಿವಿಯನ್ನೂ ಆಡಿಸಲಿಲ್ಲ. ದಂಡು ಪ್ರದೇಶದ ಬ್ಲಾಕ್‌ಪಳ್ಳಿಯಿಂದ ಜಟಕಾ ಕುದುರೆಗಳಿಗೆ ಹುಲ್ಲು ಕೊಳ್ಳಲು ಬರುತ್ತಿದ್ದ ಸನಾವುಲ್ಲಾ ಸಾಬರ ಹತ್ತಿರ ಒಂದು ಬಂದೂಕಿತ್ತು. ಅಕ್ಕ ಕೇಳಿಕೊಂಡದ್ದಕ್ಕೆ ತಂದು, ಆಕಾಶಕ್ಕೆ ಢಮ್ಮೆನ್ನಿಸಿದರು. ಒಂದು ಗಂಡು ಜಿಂಕೆ ತಲೆ ಎತ್ತಿ ಅವರನ್ನು ನೋಡಿ, ಮತ್ತೆ ತೆನೆಗೆ ಬಾಯಿ ಹಾಕಿತು.

"ಯಾ ಅಲ್ಲಾ! ಪೆನ್ಷನ್ ಆದ ಹವಾಲ್ದಾರ್ ಇದ್ದಂಗೆ ಇದಾವಲ್ಲಮ್ಮಾ!" ಅಂದರು ಸಾಬರು. "ಒಂದನ್ನ ಹೊಡೆದೇ ಬಿಡ್ಲಾ?"

"ಒಂದು ಬಿದ್ರೆ ಮಿಕ್ಕವು ನೋಡ್ಕೊಂಡು ಮೇಯ್ತಾವೆ ಸಾಬ್ರೇ. ಬಿಡಿ, ನಾನೇ ನೋಡ್ಕೋತೀನಿ" ಅಂದಳು ಅಕ್ಕ.

"ಬಂದೂಕಿಗೆ ಹೆದರದೋವು ನಿಮ್ಗೆ ಹೆದರ್ತಾವಾ?"

"ನಮ್ಮತ್ತೆನೇ ಹೆದರ್ತಾರೆ. ಇವ್ಯಾವ ಲೆಕ್ಕ?"

ಮಾರನೆಯ ಸಂಜೆ ಅಕ್ಕನ ಕಾಲಿಗೆ ಮುಳ್ಳು ಚುಚ್ಚಿತು. ರಾಗಿಯೊಳಗೇ ಕುಕ್ಕರುಗಾಲಲ್ಲಿ ಕೂತು ಕಿತ್ತಳು. ಏಳಲಾಗದೆ ಹಾಗೇ ಬಗ್ಗಿಕೊಂಡು ಬದುವಿನ ಕಡೆಗೆ ಸರಿದಳು. ತೆನೆ ಸರಕ್ಕೆಂದದ್ದೇ ತಡ, ಆ ಗಂಡು ಜಿಂಕೆ ಕಾಲಿನಿಂದ ನೆಲ ಕುಟ್ಟಿತು. ಇಡೀ ಹಿಂಡು ಚಂಗನೆ ನೆಗೆದು ಬಯಲು ಸೇರಿತು. ಅತ್ತ ಗುಂಡು ಹಾರುತ್ತಲೇ ಇತ್ತು.

"ನೋಡಿದ್ಯೇನೇ?" ಅಂದಳು ಅಕ್ಕ. "ಸದ್ದು ಮಾಡೋರು ಏನೂ ಮಾಡಲ್ಲ ಅಂತ ಕಲ್ತಿದಾವೆ. ಅಡಗಿ ಬರೋದನ್ನ ಕಂಡ್ರೆ ಜೀವ ಹೋಗುತ್ತೆ ಅವಕ್ಕೆ. ಕಚ್ಚೆ ಕಟ್ಟು."

ಅಂದಿನಿಂದ ದಿನಾ ಸಂಜೆ ಇಬ್ಬರೂ ಚಿರತೆಗಳ ಹಾಗೆ ಹೊಲದಲ್ಲಿ ತೆವಳಿದೆವು. ಮೊಣಕಾಲು ಸುಲಿದು ರಕ್ತ ಬಂದರೂ ಅಕ್ಕ ಬಿಡಲಿಲ್ಲ. ಅತ್ತೆ, "ಸೊಸೆಯರಿಗೆ ಏನೋ ಮೆಟ್ಕೊಂಡಿದೆ" ಅಂತ ಊರಿಗೆಲ್ಲ ಹೇಳಿಕೊಂಡು ಬಂದರು.

ಒಂದು ಸಂಜೆ, ಅಕ್ಕ ತೆವಳಿ ಹೋದರೂ ಒಂದು ಮರಿ ಜಿಂಕೆ ಓಡಲಿಲ್ಲ. ಕತ್ತು ಕೊಂಕಿಸಿ ಅವಳನ್ನೇ ನೋಡುತ್ತಾ ಅಗಿಯುತ್ತಿತ್ತು. ಅಕ್ಕ ಎದ್ದು ನಿಂತು ಸೆರಗು ಕೊಡವಿದಳು.

"ನಮ್ಮನ್ನೂ ಕಲ್ತ್ಬಿಟ್ವು. ನಾಳೆ ಕುಯ್ದುಬಿಡಾಣ."

"ತೆನೆ ಇನ್ನೂ ಹಸಿರಿದೆಯಲ್ಲಕ್ಕಾ!"

"ಕಣದಲ್ಲಿ ಒಣಗ್ಲಿ. ಅವುಗಳ ಹೊಟ್ಟೇಲಿ ಒಣಗೋದು ಬೇಡ."

ಬೆಳಕು ಹರಿಯುವ ಮುಂಚೆಯೇ ಕುಡುಗೋಲು ಹಿಡಿದು ಇಳಿದೆವು. ಹೊತ್ತೇರಿದ ಮೇಲೆ ಅತ್ತೆಯೂ ಬೈಯುತ್ತಲೇ ಬಂದು ಸಾಲು ಹಿಡಿದರು. ಬದುವಿನಾಚೆ ಜಿಂಕೆಗಳು ನಿಂತು ನಾವು ಕುಯ್ಯುವುದನ್ನೇ ನೋಡುತ್ತಿದ್ದವು. ನಾವು ತಲೆ ಎತ್ತಲಿಲ್ಲ. ಹೊತ್ತು ಮುಳುಗುವುದರೊಳಗೆ ಹೊಲ ಬರಿದಾಗಿ, ಕೊನೆಯ ಕಟ್ಟು ಅಕ್ಕನ ತಲೆಯ ಮೇಲೆ ಮನೆ ಕಡೆಗೆ ಹೊರಟಿತ್ತು.