ಮೊದಲು ಯಾರನ್ನು ಕೇಳಬೇಕು

ಹಡಗು ಕಟ್ಟುವ ಅಂಗಳದಲ್ಲಿ ನಮ್ಮ ಟ್ಯಾಂಕಿಗೆ ಗಾಳಿ ಊದುವ ಪೈಪನ್ನು ಯಾರೋ ಪಕ್ಕದ ಹಡಗಿಗೆ ಎಳೆದುಕೊಂಡು ಹೋಗಿದ್ದರು. ಟ್ಯಾಂಕಿನ ಬಾಯಿಗೆ ಬಗ್ಗಿದರೆ ಸಾಕು, ಬಣ್ಣದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಅದರೊಳಗೆ ನಾವು ನಾಲ್ವರು ಹೆಂಗಸರು ಇಳಿದು, ಯಂತ್ರಕ್ಕೆ ಸಿಗದ ಸಂದುಗೊಂದಿಗಳಿಗೆ ಬ್ರಶ್ಶಿನಿಂದ ಬಣ್ಣ ಬಳಿಯಬೇಕಿತ್ತು. ಹೋದ ವರ್ಷ ಇಂಥದ್ದೇ ಒಂದು ಬಾಯಿಂದ ಇಬ್ಬರನ್ನು ಹೆಣವಾಗಿ ಎತ್ತಿದ್ದನ್ನು ನಾವೆಲ್ಲ ನೋಡಿದ್ದೆವು.

ಮೇಸ್ತ್ರಿ ಪಿಲ್ಗು ಫೋನನ್ನು ಕಿವಿಯಿಂದ ತೆಗೆದ. "ಮಧ್ಯಾಹ್ನ ಸಿಯೋಲ್‌ನಿಂದ ಸಾಹೇಬರು ನೋಡೋಕೆ ಬರ್ತಾರಂತೆ. ಪೈಪು ಬರೋದು ತಡ. ಹಿಂಗೇ ಇಳಿದು ಮುಗಿಸಿಬಿಡಿ. ಯಾರಿಗಾದ್ರೂ ಬೇಡ ಅನ್ಸಿದ್ರೆ ಈಗ್ಲೇ ಹೇಳಿ, ಬಲವಂತ ಇಲ್ಲ."

ಕೇಳಿದ್ದು ವಾಡಿಕೆಯಂತೆ ವಯಸ್ಸಿನಲ್ಲಿ ಹಿರಿಯಳಾದ ಮಾಲ್ಸುನಕ್ಕನನ್ನು.

"ಬೇಗ ಮುಗಿಸಿದ್ರೆ ಏನಾಗಲ್ಲ ಬಿಡು," ಎಂದಳು ಅವಳು.

"ಅಕ್ಕ ಇಳಿದ್ರೆ ನಾನೂ ಇಳೀತೀನಿ," ಎಂದಳು ಎರಡನೆಯವಳು ಗ್ವಿಬೊಕ್.

ಹೋಟೆಲಿನಲ್ಲೂ ನಮ್ಮದು ಹೀಗೇ. ಹಿರಿಯಳು ಕರಿ ನೂಡಲ್ಸ್ ಅಂದರೆ ಮೇಜಿನ ಮೇಲೆ ನಾಲ್ಕೂ ಕರಿ ನೂಡಲ್ಸ್. ಖಾರದ ಸಾರಿಗೆ ಆಸೆಪಟ್ಟವಳು ಸುಮ್ಮನೆ ತಿಂದು ಎದ್ದು ಬರುತ್ತಾಳೆ. ನೂಡಲ್ಸಿಗೇನು, ಯಾವುದಾದರೂ ಹೊಟ್ಟೆ ತುಂಬುತ್ತದೆ. ಇದು ಉಸಿರಿನ ಪ್ರಶ್ನೆಯಾಗಿತ್ತು.

ಮೂರನೆಯವಳು ನಾನು. "ಹೂಂ" ಎನ್ನುವುದು ಆಗಲೇ ಗಂಟಲಿನವರೆಗೆ ಬಂದಿತ್ತು. ಹಿರಿಯರಿಬ್ಬರೂ ಒಪ್ಪಿರುವಾಗ ನನ್ನದೇನು? ಆದರೆ ಯಾರು ಒಪ್ಪಿದ್ದರು? ಮಾಲ್ಸುನಕ್ಕ ಮೇಸ್ತ್ರಿಯ ಮುಖ ನೋಡಿ ಹೇಳಿದ್ದಳು, ಗ್ವಿಬೊಕ್ ಮಾಲ್ಸುನಕ್ಕನ ಮುಖ ನೋಡಿ. ಟ್ಯಾಂಕಿನತ್ತ ಒಬ್ಬರೂ ನೋಡಿರಲಿಲ್ಲ. ಈಗ ನಮ್ಮ ಕಿರಿಯಳು ಸೊಮಿ ನನ್ನ ಮುಖ ನೋಡುತ್ತಿದ್ದಳು.

"ನಾನು ಇಳಿಯಲ್ಲ," ಎಂದೆ.

"ಏನಮ್ಮಾ, ದೊಡ್ಡವರೇ ಒಪ್ಪಿದ್ದಾರೆ. ನಿನ್ನ ಮೂಗು ಮಾತ್ರ ಸ್ಪೆಷಲ್ಲಾ?"

"ಒಂದೇ ಇರೋದಲ್ವಾ ಮೇಸ್ತ್ರಿ, ಅದಕ್ಕೇ. ಇನ್ನೊಂದ್ಸಲ ಕೇಳಿ. ಈ ಸಲ ಚಿಕ್ಕವಳಿಂದ ಶುರು ಮಾಡಿ."

"ಇದೇನು ಮಕ್ಕಳಾಟನಾ?"

"ಕೇಳೋಕೂ ಭಯನಾ?"

ಪಿಲ್ಗು ನಕ್ಕ. ಆ ಹುಡುಗಿ ತನ್ನೆದುರು ಬಾಯಿ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ಹೇಳು ಸೊಮಿ, ಇಳೀತೀಯೋ ಇಲ್ವೋ?"

ಸೊಮಿ ಕೈಗವಸನ್ನು ಹಿಂಡುತ್ತ ನಿಂತಳು. ತಲೆಯ ಮೇಲೆ ಕ್ರೇನು ಕಿರುಗುಟ್ಟುತ್ತ ಹಾದುಹೋಯಿತು. ಅವಳು ಹೂಂ ಅಂದರೆ ಮುಗಿಯಿತು, ಮೂವರೂ ಇಳಿಯುತ್ತಾರೆ.

"ನಂಗೆ ಇಲ್ಲಿ ನಿಂತಿದ್ರೇನೇ ತಲೆ ಸುತ್ತುತ್ತೆ," ಎಂದಳು ಕಡೆಗೆ. "ಬೇಡ."

"ಹಂಗಾದ್ರೆ ನಂಗೂ ಬೇಡಪ್ಪಾ," ಎಂದಳು ಗ್ವಿಬೊಕ್, ಎದೆಯ ಮೇಲಿನ ಕಲ್ಲು ಇಳಿದವಳಂತೆ.

ಮಾಲ್ಸುನಕ್ಕ ನಮ್ಮತ್ತ ತಿರುಗಿ ರೇಗಿದಳು. "ನೀವೆಲ್ಲ ಇಳಿಯೋಕೆ ತಯಾರಿದ್ದೀರಿ ಅಂತ ತಾನೇ ಕಣ್ರೇ ನಾನು ಹಂಗಂದಿದ್ದು. ನಂಗೇನು ಸಾಯೋ ಹುಕಿಯಾ?" ಹಾಗೆಂದವಳೇ ಟ್ಯಾಂಕಿನ ಬಾಯಿಗೆ ಅಡ್ಡ ಕುಳಿತುಬಿಟ್ಟಳು.

ಪಿಲ್ಗುವಿನ ನಗು ಅಡಗಿತು. ಫೋನು ಹಚ್ಚಿದ. "ಪೈಪಿಲ್ದೆ ಇಳಿಯಲ್ವಂತೆ ಸಾರ್." ಆ ಕಡೆಯ ದನಿ ನಮಗೂ ಕೇಳಿಸಿತು: "ಮೊದಲು ಬೇಡ ಅಂದೋಳು ಯಾರು?"

ಅವನು ನನ್ನ ಬೂಟುಗಳನ್ನು ನೋಡುತ್ತ ನನ್ನ ಹೆಸರು ಹೇಳಿದ.

ಸ್ವಲ್ಪ ಹೊತ್ತಿಗೆಲ್ಲ ಪೈಪು ಬಂತು. ಪಕ್ಕದ ಹಡಗಿನ ಮೇಲೆ ಕೆಲಸವಿಲ್ಲದೆ ಸುರುಳಿ ಸುತ್ತಿ ಬಿದ್ದಿತ್ತಂತೆ. ಹೊತ್ತು ತರಲು ಒಬ್ಬ ಆಳು ಸಾಕಾಗಿದ್ದ. ಆ ಒಬ್ಬ ಆಳನ್ನು ಕಳಿಸುವ ಬದಲು "ಬಲವಂತ ಇಲ್ಲ, ನೀವೇ ಹೇಳಿ" ಎಂದು ನಮ್ಮನ್ನು ಕೇಳಿದ್ದರು. ನಾವು ಸತ್ತಿದ್ದರೆ, "ಅವರೇ ಒಪ್ಪಿ ಇಳಿದರು" ಎನ್ನುತ್ತಿದ್ದರು.

ಗಾಳಿ ಅಬ್ಬರಿಸುತ್ತ ಒಳನುಗ್ಗಿದ ಮೇಲೆ ಮೂವರೂ ಇಳಿದರು. ನನಗೆ ಮಾತ್ರ, ನಾಳೆಯಿಂದ ಬರಬೇಡವೆಂದು ಗೇಟಿನ ದಾರಿ ತೋರಿಸಿದರು. ಹೆಲ್ಮೆಟ್ಟು ತೆಗೆದು ಪಿಲ್ಗುವಿನ ಕೈಗಿಟ್ಟೆ. ಅವನು ತಲೆ ಎತ್ತಲಿಲ್ಲ.

ಕೆಳಗಿನಿಂದ ಮಾಲ್ಸುನಕ್ಕನ ದನಿ ಕೇಳಿತು. "ಸೊಮೀ, ಆ ಮೂಲೆ ಬಿಟ್ಟುಬಿಟ್ಟೀಯ ಕಣೇ."

ಸೊಮಿಯ ಉತ್ತರ ಕೇಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.