ಸೆರಗಿನ ಮರೆಯ ಆಟಿಕೆ

ಕಾರಿನ ಬಾಗಿಲು ಬಡಿದ ಸದ್ದು, ಗಂಡಿನ ಕಡೆಯವರೇ ಇರಬೇಕು — ಅಲ್ಲ, ಎದುರು ಮನೆಯವರು, ಸರಿ, ಇನ್ನೂ ಹೊತ್ತಿದೆ, ಸೆರಗು ಎಳೆದುಕೋ, ಬಲಗೈ ಒಳಗಿಡು, ಹೂಂ, ಉರುಳುತ್ತಿದೆ, ಸದ್ದೇ ಇಲ್ಲ, ಕಿರುಬೆರಳಿನಷ್ಟು ಉದ್ದದ ಮರದ ತುಂಡು, ನುಣ್ಣಗೆ, ಗುಂಡಗೆ, ಅಂಗೈಯಲ್ಲಿ ಹೀಗೆ ಉರುಳಿಸಿದರೆ ಎದೆಯೊಳಗೆ ಏನೋ ಹಗುರ, ಐವತ್ತಾರನೇ ವಯಸ್ಸಿನಲ್ಲಿ ನನಗೊಂದು ಆಟಿಕೆ, ಹುಟ್ಟಿದಾಗಿನಿಂದ ಇದೇ ಮೊದಲನೆಯದು, ನಗು ಬರುತ್ತದೆ, ನಗಬಾರದು, ಮಗಳು ನೋಡಿದರೆ ಬೈಯುತ್ತಾಳೆ. ಶಿವಾನಿಯೇ ಆನ್‌ಲೈನಲ್ಲಿ ತರಿಸಿಕೊಟ್ಟದ್ದು, ಹೆಬ್ಬಾಳದ ಅವಳ ಆಫೀಸಿನಲ್ಲಿ ದೊಡ್ಡ ಸಾಹೇಬರೇ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಇಂಥದ್ದೊಂದು ಹಿಡಿದಿರುತ್ತಾರಂತೆ, ಯಾರ್ಗೂ ಗೊತ್ತಾಗಲ್ಲ ಕಣಮ್ಮ, ದೊಡ್ಡೋರಿಗೇ ಅಂತ ಮಾಡಿರೋದು, ಕೈಗೊಂದು ಕೆಲ್ಸ ಸಿಕ್ರೆ ಮನ್ಸು ಸುಮ್ನಿರುತ್ತೆ ಅಂದಳು. ಮೊದಲು ಉಂಗುರ ತಂದಳು, ಉಂಗುರದ ಮೇಲೊಂದು ಉಂಗುರ, ತಟ್ಟಿದರೆ ಗಿರಗಿರ ತಿರುಗುತ್ತದೆ, ಚೆಂದವೇ, ಆದರೆ ನನ್ನ ಕೈ ಒಪ್ಪಲಿಲ್ಲ, ಆಮೇಲೆ ಫೋನಿನ ಬೆನ್ನಿಗೆ ಅಂಟಿಸುವ ತರಿತರಿ ಪಟ್ಟಿ, ಅದನ್ನು ಸವರುತ್ತ ಕೂತರೆ ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ, ಮೂರನೆಯದು ಇದು, ಅಂಗೈಗೆ ತಗುಲಿದ್ದೇ ತಡ ಕೈ ಗುರುತು ಹಿಡಿದುಬಿಟ್ಟಿತು.

ಹಿಡಿಯದೆ ಏನು, ಇಪ್ಪತ್ತೆಂಟು ವರ್ಷ ಗಂಧದಕಡ್ಡಿ ಹೊಸೆದ ಕೈ, ಇದೇ ರಾಜೀವನಗರದ ಇದೇ ಮನೆಯಲ್ಲಿ ಮಣೆ ಮುಂದೆ ಕೂತು, ಕಪ್ಪು ಹಿಟ್ಟು, ಬಿದಿರುಕಡ್ಡಿ, ಹೊಸೆದು ಪಕ್ಕಕ್ಕೆ, ಹೊಸೆದು ಪಕ್ಕಕ್ಕೆ, ಮಿಷಿನ್ನು ಬಂತು, ಕೆಲಸ ನಿಂತಿತು, ಕೈ ನಿಲ್ಲಲಿಲ್ಲ, ತೊಡೆಯ ಮೇಲೆ, ಬಸ್ಸಿನ ಸೀಟಿನ ಮೇಲೆ, ನಿದ್ದೆಯಲ್ಲೂ ಏನೂ ಇಲ್ಲದ್ದನ್ನು ಹೊಸೆಯುತ್ತಲೇ ಇರುತ್ತದೆ, ಡಾಕ್ಟರು ನೋಡಿ ನರ ಎಲ್ಲ ಚೆನ್ನಾಗಿದೆ ಕಣಮ್ಮ, ಕೈಗೆ ಅಭ್ಯಾಸ ಅಷ್ಟೇ ಅಂದರು. ಕುವೆಂಪುನಗರದ ಬೀಗರಿಗೆ — ಇನ್ನೂ ಬೀಗರಾಗಿಲ್ಲ, ಆಗಬೇಕು — ಅವರಿಗೆ ಇದನ್ನು ಹೇಳುವವರು ಯಾರು, ಮಧ್ಯೆ ನಿಂತು ಮಾತಾಡಿಸಿದ ರವಿಚಂದ್ರ ಮೊದಲೇ ಅಂದುಬಿಟ್ಟಿದ್ದ, ಹುಡ್ಗಿ ತಾಯಿ ಯಾವತ್ತೂ ದುಡಿಯೋಕೆ ಗಿಡಿಯೋಕೆ ಹೋದೋರಲ್ಲ, ಆರಾಮಾಗಿದ್ದೋರು, ನಾನೂ ಬೆಪ್ಪುತಕ್ಕಡಿಯ ಹಾಗೆ ತಲೆಯಾಡಿಸಿದೆ. ಹೋದ ತಿಂಗಳು ಬಂದಾಗ ಹುಡುಗನ ತಾಯಿ ನೀಲಮ್ಮ ನನ್ನ ಮುಖ ನೋಡಲೇ ಇಲ್ಲ, ಪೂರ್ತಿ ಹೊತ್ತು ಕೈಯನ್ನೇ ನೋಡಿದರು, ಮೂರನೇ ದಿನ ರವಿಚಂದ್ರನ ಫೋನು, ಅಕ್ಕಾ, ನಿಮ್ಗೆ ನರದ ಕಾಯ್ಲೆ ಏನಾದ್ರೂ ಐತಾ, ಮಗಳಿಗೂ ಬಂದ್ಬುಟ್ರೆ ಅಂತ ಕೇಳ್ತಾವ್ರೆ. ಶಿವಾನಿ ಅವತ್ತು ಊಟ ಮಾಡಲಿಲ್ಲ, ಆ ಹುಡುಗ ಸುಪ್ರೀತ್ ಅಂದರೆ ಅವಳಿಗೆ ಜೀವ, ನನ್ನ ಕೈಯಿಂದಲೇ ಮಗಳ ಮದುವೆ ಮುರಿಯುವುದೆಂದರೆ — ಇಲ್ಲ, ಮುರಿಯುವುದಿಲ್ಲ, ಇವತ್ತು ಈ ಕೈ ಯಾರಿಗೂ ಕಾಣುವುದಿಲ್ಲ.

ಬಂದರು, ಬಂದೇಬಿಟ್ಟರು, ಹುಡುಗ, ಹುಡುಗನ ತಂದೆ ಮರಿಯಯ್ಯನವರು, ನೀಲಮ್ಮ ಬೇಕೆಂದೇ ಬಂದು ನನ್ನ ಪಕ್ಕ ಕೂತರು, ಹುಡುಗಿಗೆ ಯಾವ ಬಣ್ಣದ ಸೀರೆ ಇಷ್ಟ ಅಂತ ಕೇಳಿಕೊಂಡು ಹೋಗೋಣ ಅಂತ ಬಂದ್ವಿ, ಸೀರೆಯಂತೆ, ಕಣ್ಣು ನನ್ನ ಸೆರಗಿನ ಮೇಲೆ, ನೋಡಲಿ, ಸೆರಗು ಅಲುಗುತ್ತಿಲ್ಲ, ಎಷ್ಟು ಚೆನ್ನಾಗಿ ಉರುಳುತ್ತಿದೆ, ಗೆದ್ದೆ ಕಣೇ ಶಿವಾನಿ, ಅವಳು ಕಾಫಿ ತಂದಳು, ನಾನೇ ಕೊಡಬೇಕಲ್ಲ, ಕೊಟ್ಟೆ, ನೀಲಮ್ಮ ಕೈ ಚಾಚಲಿಲ್ಲ, ಯಾಕೆ, ಲೋಟವನ್ನೇ ನೋಡುತ್ತಿದ್ದಾರೆ, ಶಿವಾನಿಯ ಮುಖ ಬಿಳಿಚಿಕೊಂಡಿತು, ಅಯ್ಯೋ, ಎಡಗೈ, ಬೀಗಿತ್ತಿಗೆ ಎಡಗೈಯಲ್ಲಿ ಕಾಫಿ ಕೊಟ್ಟೆನಲ್ಲ. ಸೋಮಮ್ಮನವರೇ, ನಿಮ್ಮ ಬಲಗೈಗೆ ಏನಾಗಿದೆ, ಮೆತ್ತಗೇ ಕೇಳಿದರು, ಎಲ್ಲರಿಗೂ ಕೇಳಿಸಿತು, ಇನ್ನೇನು ಬಚ್ಚಿಡುವುದು, ಲೋಟ ಕೆಳಗಿಟ್ಟು ಸೆರಗು ಸರಿಸಿ ಅಂಗೈ ಬಿಚ್ಚಿದೆ, ಕಾಯ್ಲೆ ಅಲ್ಲ ಕಣಮ್ಮ, ಗಂಧದಕಡ್ಡಿ ಹೊಸೀತಿದ್ದೆ, ಇಪ್ಪತ್ತೆಂಟು ವರ್ಷ, ಸುಳ್ಳೇಳಿದ್ದು ತಪ್ಪಾಯ್ತು — ಅಂದೇಬಿಟ್ಟೆ, ಅಬ್ಬ, ಹೆದರಿಕೆಯಲ್ಲ, ಖುಷಿ, ಎಂಥ ಖುಷಿ, ಮಗಳ ಬಾಳು ನಡುಮನೆಯಲ್ಲಿ ತೂಗುತ್ತಿದೆ, ನನಗೆ ಖುಷಿ.

ನೀಲಮ್ಮ ಮರದ ತುಂಡನ್ನು ಎತ್ತಿಕೊಂಡರು, ತಿರುಗಿಸಿ ನೋಡಿದರು, ಟೀಪಾಯಿಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಒಂದು ಸಲ ಒತ್ತಿ ಉರುಳಿಸಿದರು, ನಾಲ್ಕು ಬೆರಳು ಮೇಲೆತ್ತಿ. ಕಡ್ಡಿ ಹೊಸೆಯುವಾಗ ಬೆರಳಸಂದಿಗೆ ಹಿಟ್ಟು ಮೆತ್ತಬಾರದೆಂದು ನಾವು ಹಾಗೆ ಎತ್ತುತ್ತಿದ್ದೆವು, ಹೊಸೆದವರು ಮಾತ್ರ ಎತ್ತುತ್ತಾರೆ, ನೋಡಿ ಬರುವುದಲ್ಲ ಅದು, ಏನು ನೀಲಾ, ಕಾಯ್ಲೆನಾ, ಮರಿಯಯ್ಯನವರು ಕೇಳುತ್ತಿದ್ದಾರೆ, ಅಲ್ಲ ಕಣ್ರೀ, ಅವ್ರ ಕೈ ಚೆನ್ನಾಗದೆ, ಶ್ರಾವಣದಲ್ಲೇ ಮದ್ವೆ ಮಾಡ್ಬುಡಣ, ಈಗ ತಾನೇ ಪುಸ್ತಕದ ಹಾಗೆ ಮಾತಾಡುತ್ತಿದ್ದ ನೀಲಮ್ಮ ಇದೆಲ್ಲಿಯ ಮಾತು ಆಡಿದರು, ಸುಪ್ರೀತ್ ಬೆರಗಾಗಿ ತಾಯಿಯ ಮುಖ ನೋಡುತ್ತಿದ್ದಾನೆ, ಅವನಿಗೆ ಗೊತ್ತಿಲ್ಲ, ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೇನೋ, ನಾನೂ ಹೇಳುವವಳಲ್ಲ, ಶಿವಾನಿ ಅಡುಗೆಮನೆಗೆ ಓಡಿದಳು, ಅಳುತ್ತಾಳೋ ನಗುತ್ತಾಳೋ, ಸಕ್ಕರೆಯಾದರೂ ತರಬೇಕು, ಏಳಬೇಕು, ನನ್ನ ಕೈ ಖಾಲಿ, ಸುಮ್ಮನೆ ಇದೆ, ಅವರದ್ದು ನಿಲ್ಲುತ್ತಿಲ್ಲ, ಮುಂದಕ್ಕೆ, ಮತ್ತೆ ಮುಂದಕ್ಕೆ, ನಾಲ್ಕು ಬೆರಳು ಮೇಲೆ, ಕಾಫಿ ಆರುತ್ತಿದೆ, ನಾಲ್ಕು ಬೆರಳು ಮೇಲೆ