ಅತ್ತೆ ಆರಿಸಿದ ನಳಿಗೆ

ಆಪರೇಷನ್ ಕೋಣೆಯ ಬಾಗಿಲ ಕೆಳಗಿನ ಸಂದಿಯಲ್ಲಿ ಯಾರದೋ ನೆರಳು ಹಾದುಹೋಯಿತು, ನಿಲ್ಲಲಿಲ್ಲ, ಒಳ್ಳೆಯದಾಯಿತು, ಈ ಬಾಗಿಲು ಈಗಲೇ ತೆರೆಯಬಾರದು — ಹೈದರಾಬಾದಿನಿಂದ ಬರುವ ಸರ್ಜನ್ ನಿನ್ನೆ ನನ್ನನ್ನೂ ಮೈದುನ ಖಂಡೆಪ್ಪನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಾರೆ, ನಿಮ್ಮ ಅತ್ತಿ ಹೊಟ್ಟಿ ತೆರೆದು ನೋಡ್ತೀನಮ್ಮ, ಗಡ್ಡಿ ದೊಡ್ಡ ರಕ್ತನಾಳಕ್ಕ ಅಂಟಿದ್ರ, ಲಿವರಿಗೆ ಹಬ್ಬಿದ್ರ ಕೈ ಹಚ್ಚಂಗಿಲ್ಲ, ಹಂಗೇ ಹೊಲಿದು ಹೊರಗ ಬರ್ತೀನಿ, ಜಲ್ದಿ ಬಂದ್ರ ಅದು ಛಲೋ ಸುದ್ದಿ ಅಲ್ಲ, ತಡ ಆದಷ್ಟೂ ಛಲೋ ಅಂತ ತಿಳೀರಿ. ಅದಕ್ಕೇ ಬೆಳಿಗ್ಗೆಯಿಂದ ಈ ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೇನೆ, ದೇವರೇ, ಶರಣಬಸಪ್ಪಾ, ಮುಚ್ಚಿಯೇ ಇರಲಿ, ಜಗತ್ ಸರ್ಕಲ್ಲಿನ ಕಡೆಯಿಂದ ಆಟೋಗಳ ಹಾರ್ನು, ಫಿನಾಯಿಲಿನ ವಾಸನೆ, ಅದರ ನಡುವೆ ಯಾರೋ ಬಿಚ್ಚಿದ ಬುತ್ತಿಯಿಂದ ಶೇಂಗಾ ಹಿಂಡಿಯ ವಾಸನೆ, ನನಗೆ ಹಸಿವಾಗುತ್ತಿದೆ, ನಾಚಿಕೆಯೂ ಆಗುತ್ತಿದೆ, ಅತ್ತೆ ಪಕ್ಕದಲ್ಲಿದ್ದಿದ್ದರೆ ಬೈಯುತ್ತಿದ್ದಳು, ನೀ ಉಪಾಸ ಬಿದ್ರ ನನ್ನ ಗಡ್ಡಿ ಕರಗ್ತದೇನು, ಹೋಗಿ ಒಂದು ತುತ್ತು ತಿನ್ನು ಸೂಗಿ. ಬೈಯುತ್ತಿದ್ದಳು — ಎದುರಿಗೆ ರೀ ಹಚ್ಚಿಯೇ ಮಾತಾಡುತ್ತೇನೆ, ಮನಸ್ಸಿನಲ್ಲಿ ಮಾತ್ರ ಯಾವತ್ತಿನಿಂದಲೋ ಅವಳು ಅವಳೇ, ಹಡೆದವ್ವನನ್ನು ನೆನೆದ ಹಾಗೆ.

ಇದೆಲ್ಲ ಶುರುವಾದ ದಿನ ಕಮಲಾಪುರದ ಮನೆಯ ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು, ನಾನು ಕಲಿಸುವ ಕೋಟನೂರಿನ ಶಾಲೆಗೆ ರಜೆಯೆಂದು ಬಸ್ಸು ಹತ್ತಿ ಹೋಗಿದ್ದೆ, ಚೀಲ ಕೆಳಗಿಡುವ ಮೊದಲೇ ಕಂಡಿತು, ಬಿಸಿಲಿಗೆ ಮುಖ ಎತ್ತಿದಾಗ ಕಣ್ಣಿನ ಬಿಳುಪೆಲ್ಲ ಅರಿಶಿಣ, ಅತ್ತಿ, ಕಣ್ಣು ಹ್ಯಾಂಗ ಆಗ್ಯಾವ ನೋಡ್ರಿ, ಅಂದೆ, ಹೂಂ, ಕಾಮಣಿ ಆಗ್ಯಾದಂತ, ಖಂಡೆಪ್ಪ ತಪ್ಪಲು ಔಷಧ ತಂದಾನ, ಉಪ್ಪು ಎಣ್ಣಿ ಬಿಟ್ಟೀನಿ, ಆದ್ರ ಈ ಮೈ ಕಡಿಯೋದೊಂದು ಬಿಡವಲ್ದು, ಅಂದು ಸೆರಗು ಸರಿಸಿ ತೋಳು ತೋರಿಸಿದಳು, ಉಗುರಿನ ಗೀರು, ಗೀರಿನ ಮೇಲೆ ಗೀರು, ಅಲ್ಲಲ್ಲಿ ರಕ್ತ ಒಣಗಿ ಕಪ್ಪಾದದ್ದು. ಆ ತೋಳು — ಮಲ್ಲಣ್ಣ ಹೋದ ದಿನ ನಾನು ನೆಲಕ್ಕೆ ಬೀಳದ ಹಾಗೆ ಹಿಡಿದುಕೊಂಡ ತೋಳು, ಬಾವಿಯ ಮೋಟಾರಿಗೆ ಕೈ ಹಾಕಿ ಕರೆಂಟು ಹೊಡೆದು ಹೋದ ನನ್ನ ಗಂಡ, ಅವಳ ಹಿರಿಮಗ, ತೊಟ್ಟಿಲಲ್ಲಿ ಕೂಸು, ಹಿರಿಯರೆಲ್ಲ ಕೂತು ಸೊಸೆಯನ್ನು ತವರಿಗೆ ಕಳಿಸಿಬಿಡಿ ಎಂದಾಗ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು ಈ ಬಂಡಮ್ಮ, ಎಲ್ಲಿಗಿ ಕಳಸಬೇಕು, ಇಕಿ ಈ ಮನಿಯಾಕಿ, ಇಕಿ ಓದತಾಳ. ನಾನು ಓದುತ್ತೇನೆಂದು ನನಗೇ ಗೊತ್ತಿರಲಿಲ್ಲ. ಈ ಪಟ್ಟಣಕ್ಕೆ ಬಂದು ಖೂಬಾ ಪ್ಲಾಟಿನಲ್ಲಿ ಒಂದು ಖೋಲಿ ಹಿಡಿದೆವು, ನಾನು ಟೀಚರ್ ಟ್ರೇನಿಂಗಿನ ಕ್ಲಾಸಿನಲ್ಲಿ, ಅವಳು ಹೊರಗೆ ಬೇವಿನ ಗಿಡದ ಬುಡದಲ್ಲಿ ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು, ಕೂಸು ಅತ್ತರೆ ನನಗೆ ಕೇಳಿಸಬಾರದೆಂದು ಗೇಟಿನಾಚೆ ಎತ್ತಿಕೊಂಡು ಹೋಗುತ್ತಿದ್ದಳು, ಗಂಟೆ ಹೊಡೆದೊಡನೆ ನಾನು ಓಡಿಬಂದು ಹಾಲು ಕುಡಿಸುವಾಗ ಅವಳು ರೊಟ್ಟಿ ಮುರಿದು ನನ್ನ ಬಾಯಿಗೆ ಇಡುತ್ತಿದ್ದಳು, ನಾನು ಕೂಸಿಗೆ, ಅವಳು ನನಗೆ, ಅವಳಿಗೆ ಯಾರು ತಿನ್ನಿಸುತ್ತಿದ್ದರು, ನಾನು ಕೇಳಿದ ನೆನಪೇ ಇಲ್ಲ.

ಈ ಆಸ್ಪತ್ರೆಗೆ ಕರೆತಂದು ಸ್ಕ್ಯಾನ್ ಮಾಡಿಸಿದಮೇಲೆ ಡಾಕ್ಟರ್ ಬಂದೇನವಾಜ್ ನನ್ನನ್ನು ಕರೆದರು, ಬಾಯಿಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡುವ ಡಾಕ್ಟರು ಅವರು, ಮೆಲ್ಲಗೆ ಮಾತಾಡುವವರು, ಟೀಚರ್, ಲಿವರಿನಿಂದ ಪಿತ್ತ ಕರುಳಿಗೆ ಇಳಿಯೋ ದಾರಿ ಅದಲ್ಲ, ಅದರ ಬಾಯಿ ಹತ್ರ ಗಡ್ಡಿ ಕುಂತದ, ಕ್ಯಾನ್ಸರ್, ದಾರಿ ಅಮುಕೇದ, ಪಿತ್ತ ಹಿಂದಕ್ಕ ಸರಿದು ರಕ್ತಕ್ಕ ಸೇರಲಾಕತ್ತದ, ಅದಕ್ಕೇ ಈ ಹಳದಿ, ಈ ತುರಿಕಿ, ಗಡ್ಡಿ ತೆಗೀಬಹುದು, ಆದ್ರ ಇಷ್ಟು ಕಾಮಣಿ ಮೈಯಾಗಿಟ್ಕೊಂಡು ಕೊಯ್ಯೋದು ಬ್ಯಾಡ, ಮೊದಲ ಒಂದು ನಳಿಗಿ ಇಟ್ಟು ಪಿತ್ತ ಇಳಸೋಣು. ಸ್ಟೆಂಟ್, ಅಂದರು. ಅಂಗೈಯಲ್ಲಿಟ್ಟು ತೋರಿಸಿದರು, ಪ್ಲಾಸ್ಟಿಕ್ಕಿನದು, ಬಾಲ್‌ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪ, ಜಾರಬಾರದೆಂದು ಎರಡೂ ತುದಿಗೆ ಸಣ್ಣ ರೆಕ್ಕೆ, ಇಷ್ಟು ಸಣ್ಣದೊಂದು ಕೊಳವೆ ಅವಳನ್ನು ಉಳಿಸುವುದೇ ಎಂದುಕೊಂಡೆ. ಉಳಿಸಿತು ಅನ್ನಿಸಿತು ಕೂಡ. ತುರಿಕೆ ತಗ್ಗಿತು, ಅವಳು ನಿದ್ದೆ ಹೋದಳು, ಕೆರೆದುಕೊಳ್ಳದಿರಲೆಂದು ಅವಳ ಕೈಗೆ ಸುತ್ತಿದ್ದ ಬಟ್ಟೆಯನ್ನು ನಾನು ಬಿಚ್ಚಿದೆ, ಆಪರೇಷನ್ನಿಗೆ ದಿನ ಗೊತ್ತಾಯಿತು — ಆಮೇಲೆ ಒಂದು ಮಧ್ಯಾಹ್ನ ಕಮಲಾಪುರದಿಂದ ಖಂಡೆಪ್ಪನ ಫೋನು, ವೈನಿ, ಅವ್ವಗ ನಡುಕ ಬಂದಾದ, ಎಷ್ಟು ಕೌದಿ ಹೊಚ್ಚಿದ್ರೂ ನಿಲ್ಲವಲ್ದು. ಜೀಪಿನಲ್ಲಿ ಕರೆತಂದಾಗ ಹಣೆ ಹೆಂಚಿನ ಹಾಗೆ, ಕಣ್ಣು ಮತ್ತೆ ಅರಿಶಿಣ, ನಳಿಗೆ ಕಟ್ಟಿಕೊಂಡಿತ್ತು, ಗಸಿ ತುಂಬಿ, ನಿಂತ ಪಿತ್ತದಲ್ಲಿ ನಂಜಾಗಿ. ಆಪರೇಷನ್ ಮುಂದಕ್ಕೆ ಹೋಯಿತು. ಖಂಡೆಪ್ಪ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ನಿಂತು, ಸಾಕು ಮಾಡೋಣು ವೈನಿ, ಅಕಿ ಜೀವ ಹಿಂಡೋದು ಸಾಕು, ಅಂದ, ಮಾತು ನನ್ನ ಮೇಲೆ ಸಿಟ್ಟಿನದು, ಭುಜ ಮಾತ್ರ ಅಳುತ್ತಿತ್ತು.

ಇಂಜೆಕ್ಷನ್ನಿಗೆ ಜ್ವರ ಇಳಿದಮೇಲೆ ಬಂದೇನವಾಜ್ ಡಾಕ್ಟರು ಮತ್ತೆ ಕರೆದರು, ಕಟ್ಟಿದ್ದನ್ನು ತೆಗೆದು ಇನ್ನೊಂದು ಇಡಬೇಕು, ಆದರೆ ಯಾವುದು. ಪ್ಲಾಸ್ಟಿಕ್ಕಿನದೇ ಮತ್ತೊಂದು ಇಡಬಹುದು, ಬೇಕೆಂದಾಗ ತೆಗೆಯಬಹುದು, ಆದರೆ ಸಣ್ಣ ಬಾಯಿ, ಅವಳು ಚೇತರಿಸಿಕೊಂಡು ಆಪರೇಷನ್ನಿಗೆ ತಯಾರಾಗುವಷ್ಟರಲ್ಲಿ ಮತ್ತೆ ಕಟ್ಟಿಕೊಂಡರೆ ಇನ್ನೊಂದು ನಂಜು ತಡೆಯುವ ಶಕ್ತಿ ಅವಳಿಗಿಲ್ಲ. ಇನ್ನೊಂದು ಲೋಹದ್ದು, ತಂತಿಯ ಜಾಲರಿ, ಮಡಚಿದ ಛತ್ರಿಯ ಹಾಗೆ ಒಳಗೆ ಹೋಗಿ ಅಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅಗಲ ಬಾಯಿ, ಬೇಗ ಕಟ್ಟುವುದಿಲ್ಲ, ಆದರೆ ಒಮ್ಮೆ ಇಟ್ಟರೆ ಸುತ್ತಲಿನ ಮಾಂಸ ಹಿಡಿದುಕೊಳ್ಳುತ್ತದೆ, ಹೊರಗೆಳೆಯಲು ಬರುವುದಿಲ್ಲ. ಹೈದರಾಬಾದಿನ ಸರ್ಜನ್ನಿಗೆ ಮನಸ್ಸಿಲ್ಲವಂತೆ, ಲೋಹದ್ದನ್ನು ಆಪರೇಷನ್ ಆಗದವರಿಗೆ ಇಡುತ್ತೇವೆ, ಕೊಯ್ಯುವಾಗ ಅದು ಅಡ್ಡ ಬಂದರೆ ಎಂದು ಫೋನಿನಲ್ಲಿ ಕೇಳಿದರಂತೆ, ನಾ ಅವರಿಗಿ ಹೇಳೀನಿ ಟೀಚರ್, ಗಿಡ್ಡಂದು ಇಡ್ತೀನಿ, ನಾಳದ ಮ್ಯಾಲಿನ ಭಾಗ ನಿಮಗ ಕೊಯ್ಲಾಕ ಬಿಟ್ಟಿರ್ತೀನಿ, ಗಡ್ಡಿ ಜೋಡಿ ಅದೂ ಹೊರಗ ಬರ್ತದ ಅಂತ, ಒಪ್ಯಾರ, ಆದ್ರ ಪೂರಾ ಮನಸಿನಿಂದಲ್ಲ, ನೀವು ವಿಚಾರ ಮಾಡ್ರಿ. ನನಗೆ ಆ ಒಂದು ಮಾತೇ ಚುಚ್ಚಿಕೊಂಡಿತು, ಆಪರೇಷನ್ ಆಗದವರಿಗೆ, ಕಾರಿಡಾರಿನ ಉದ್ದಕ್ಕೂ ಅದೇ, ಆಗದವರಿಗೆ, ಆಗದವರಿಗೆ, ಲೋಹದ್ದು ಎಂದು ನಾನು ಹೂಂ ಅಂದರೆ ಅವಳು ಉಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಲ್ಲವೇ, ಬೇಡವೆಂದರೆ ಮತ್ತೆ ಆ ನಡುಕ, ಹಲ್ಲು ಕಟಕಟ, ಸೂಗಿ ನನ್ನ ಹಿಡ್ಕೋ ಎಂದ ಆ ದನಿ. ಅವ್ವಗ ಏನೂ ಹೇಳಬ್ಯಾಡ್ರಿ ವೈನಿ, ಧೈರ್ಯ ಕಳ್ಕೋತಾಳ, ಅಂದ ಖಂಡೆಪ್ಪ. ಹೇಳುವುದಿಲ್ಲ ಎಂದುಕೊಂಡೇ ಒಳಗೆ ಹೋದೆ.

ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಮಂಚದ ಮೇಲೆ ಕೂತಿದ್ದಳು, ನಾನು ಹಿಂದೆ ಕೂತು ಜಡೆ ಬಿಚ್ಚಿ ಬಾಚತೊಡಗಿದೆ, ಉದುರಿದ ಕೂದಲೆಲ್ಲ ಬಾಚಣಿಗೆಗೆ ಬಂದವು, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡೆ, ಬಚ್ಚಿಡಬ್ಯಾಡ, ಅಂದಳು, ತಿರುಗದೆಯೇ, ಕೂದಲೂ ಬಚ್ಚಿಡಬ್ಯಾಡ, ಮಾತೂ ಬಚ್ಚಿಡಬ್ಯಾಡ, ಡಾಕ್ಟರು ಏನಂದ್ರು. ಹೇಳಿದೆ. ಗಡ್ಡೆಯದ್ದು ಹೇಳಿದೆ, ಅದರ ಹೆಸರನ್ನೂ ಹೇಳಿದೆ, ಎರಡು ನಳಿಗೆಯದ್ದು ಹೇಳಿದೆ, ಆಗದವರಿಗೆ ಎಂಬುದನ್ನೂ ಹೇಳಿದೆ, ಬಾಚಣಿಗೆ ಮಾತ್ರ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಅವಳು ತಿರುಗಿ ನನ್ನ ಮುಖ ನೋಡುತ್ತಿದ್ದಳು. ಆಮೇಲೆ, ಅಗಲಂದು ಇಟ್ರ ಮೈ ಕಡಿಯಂಗಿಲ್ಲೇನು, ಕೇಳಿದಳು, ಕಡಿಯಂಗಿಲ್ಲ ಅಂತಾರ್ರಿ ಅತ್ತಿ, ಉಣಲಾಕ ಬರ್ತದೇನು, ಬರ್ತದಂತ್ರಿ, ಹಂಗಾರ ಅದನ್ನೇ ಇಡು ಅನ್ನು. ಕೊಯ್ಲಾಕ ಬಂದ್ರ ಕೊಯ್ಲಿ. ಬರದಿದ್ರ ನಿನ್ನ ಕೈಲೆ ಪುಂಡಿಪಲ್ಯ ರೊಟ್ಟಿ ಉಂಡು, ಮೈ ಕಡಿಲಾರದಂಗ ಮಕ್ಕೊಂಡು ಹೋಗ್ತೀನಿ. ಎರಡೂ ನಂದೇ ಅದ, ಆಗೋದೂ ಆಗದಿರೋದೂ, ನೀ ಯಾಕ ಒಬ್ಬಾಕಿನೇ ಹೊತ್ಕೊಂಡೀಯವ್ವ. ಆಮೇಲೆ ಕೈ ಹಿಂದಕ್ಕೆ ಚಾಚಿ ನನ್ನ ಮುಷ್ಟಿ ಬಿಡಿಸಿ ಕೂದಲೆಲ್ಲ ತಾನೇ ತೆಗೆದುಕೊಂಡಳು. ಬಾಗಿಲಲ್ಲಿ ಖಂಡೆಪ್ಪ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ, ಒಳಗೆ ಬಂದು ಅವ್ವನ ಪಾದದ ಹತ್ತಿರ ಕೂತ, ಅವನಿಗೂ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತೇನೋ. ಲೋಹದ್ದನ್ನು ಇಟ್ಟರು, ಮತ್ತೆ ನಡುಕ ಬರಲಿಲ್ಲ, ಕಣ್ಣಿನ ಬಿಳುಪು ಮೆಲ್ಲಗೆ ಮರಳಿತು, ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ, ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಹಣ್ಣು ತಾ ಎಂದಳು, ಸಿಪ್ಪೆ ಸುಲಿದು ಅರ್ಧ ತಿಂದು ಉಳಿದರ್ಧ ನನ್ನ ಬಾಯಿಗಿಟ್ಟಳು, ನಾನು ಐವತ್ತರ ಹತ್ತಿರದ ಹೆಂಗಸು, ವಾರ್ಡಿನವರೆಲ್ಲ ನೋಡುತ್ತಿದ್ದರು, ಬಾಯಿ ತೆರೆದೆ.

ವೈನಿ, ಚಾ — ಖಂಡೆಪ್ಪ ಕಪ್ಪು ಹಿಡಿದು ನಿಂತಿದ್ದಾನೆ, ಕುಡಿಯುತ್ತೇನೆ, ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ, ಬಾಗಿಲು — ಬಾಗಿಲು ತೆರೆಯಿತು, ಇಷ್ಟು ಬೇಗ, ನರ್ಸು, ರಕ್ತದ ಬಾಟಲಿ ತರಲು ಹೊರಟವಳು, ಒಳಗ ನಡೀಲಾಕತ್ತದಮ್ಮ, ಕುಂದರ್ರಿ, ಅಂದಳು, ನಡೆಯುತ್ತಿದೆ, ಅಂದರೆ ಹೊಲಿದಿಲ್ಲ, ಅಂದರೆ ಕೈ ಹಚ್ಚಿದ್ದಾರೆ. ಖಂಡೆಪ್ಪ ನನ್ನ ಕೈ ಹಿಡಿದ, ಇಷ್ಟು ವರ್ಷಗಳಲ್ಲಿ ಹಿಡಿದದ್ದು ಇದೇ ಮೊದಲು. ಕಿಟಕಿಯ ಬಿಸಿಲು ಬೆಂಚಿನಿಂದಿಳಿದು ನೆಲಕ್ಕೆ ಬಂತು, ನೆಲದಿಂದ ಎದುರಿನ ಗೋಡೆಗೆ ಹತ್ತಿತು, ಬಾಗಿಲು ಮುಚ್ಚಿಯೇ ಇತ್ತು, ಈಗ ತೆರೆಯಬಹುದು, ಈಗ ತೆರೆದರೂ ಪರವಾಗಿಲ್ಲ, ಶರಣಬಸಪ್ಪಾ, ಎಂದುಕೊಳ್ಳುವಾಗ ಸರ್ಜನ್ನೇ ಬಂದರು, ಬಾಯಿಯ ಬಟ್ಟೆ ಗದ್ದಕ್ಕೆ ಸರಿದಿತ್ತು, ಮುಖವೆಲ್ಲ ಬೆವರು, ಕೈಯಲ್ಲಿ ಸ್ಟೀಲಿನ ಬಟ್ಟಲು, ಪೂರಾ ತೆಗೆದೀವಮ್ಮ, ಎಲ್ಲೂ ಹಬ್ಬಿದ್ದಿಲ್ಲ, ಕಣ್ಣಿಗೆ ಕಂಡಷ್ಟು ಎಲ್ಲಾ ಬಂದದ, ಲ್ಯಾಬಿಗೆ ಕಳಸ್ತೀವಿ, ಇನ್ನ ಮ್ಯಾಲ ಅವರು ಏಳೋದು ನೋಡಬೇಕು, ನೋಡ್ತೀರೇನು, ಅಂದು ಬಟ್ಟಲು ತಗ್ಗಿಸಿದರು, ಖಂಡೆಪ್ಪ ಮುಖ ತಿರುಗಿಸಿದ, ನಾನು ನೋಡಿದೆ, ಅವಳ ಒಳಗಿನದು, ನನ್ನನ್ನು ಹಿಡಿದುಕೊಂಡವಳ ಒಳಗಿನದು, ಕೆಂಪು, ತೇವ, ಅದರ ಕತ್ತರಿಸಿದ ಒಂದು ತುದಿಯಲ್ಲಿ ಸಣ್ಣ ತಂತಿಯ ಜಾಲರಿ, ಕಿರುಬೆರಳು ಹಿಡಿಯುವಷ್ಟು ಅಗಲ, ಸುತ್ತಲೂ ಬಿಚ್ಚಿಕೊಂಡು ನಿಂತದ್ದು, ಅದರ ಬಾಯಿಂದ ಹಸಿರು ಹಳದಿ ಪಿತ್ತದ ಒಂದು ಹನಿ ಬಟ್ಟಲಿಗೆ ಇಳಿಯುತ್ತಿತ್ತು, ಇನ್ನೂ ಇಳಿಯುತ್ತಿತ್ತು —